ಒಂದೆಲಗಕ್ಕೆ ಅರ್ಧ ಗಂಟೆಯ ಬಿಸಿಲು

ಇಷ್ಟು ಚಿಕ್ಕ ಸಂಗತಿಯನ್ನು ಕಥೆಯೆಂದು ಹೇಳಹೊರಟಿದ್ದಕ್ಕೆ ಓದುವವರು ಮನ್ನಿಸಬೇಕು.

ಬಿಸಿಲನ್ನು ಸೋಸುತ್ತಿದ್ದ ಆಕಾಶದ ಪದರ ಹರಿದು, ಬಿಸಿಲು ಬಿದ್ದಲ್ಲಿ ಮೈ ಹುಣ್ಣಾಗತೊಡಗಿದ ಮೇಲೆ ಗದಗಿನಲ್ಲಿ ಬಿಸಿಲಿಗೆ ಬರಿಮೈ ಒಡ್ಡುತ್ತಿದ್ದದ್ದು ಮದ್ದಿನ ಗಿಡಗಳು ಮಾತ್ರ. ಮಧ್ಯಾಹ್ನದ ಗಂಟೆ ಬಾರಿಸಿದಾಗ ಮಾಳಿಗೆಯ ಒಂದೆಲಗದ ಕುಂಡಗಳ ಪರದೆಯನ್ನು ಅರ್ಧ ಗಂಟೆ ಸರಿಸಬೇಕು. ಬಿಸಿಲು ತಿಂದ ಎಲೆಯಲ್ಲೇ ಮದ್ದು ಕೂಡುತ್ತದೆ. ನಿಂಬೆವ್ವ ಮಾತ್ರ ಗಿಡಕ್ಕೆ ಮರುಗಿ ಐದೇ ನಿಮಿಷಕ್ಕೆ ಪರದೆ ಎಳೆಯುತ್ತಿದ್ದಳು. ಅವಳ ಗಂಡ ಫಕೀರಪ್ಪನ ತೋಳಿನ ಬಿಸಿಲುಹುಣ್ಣು ಎಷ್ಟು ಸೊಪ್ಪು ಅರೆದು ಹಚ್ಚಿದರೂ ಮಾಯದೆ ಕೀವುಗಟ್ಟಿತು.

ಒಂದು ದಿನ ಅತ್ತೆ ಗುರುಬಸವ್ವ ಎಲೆ ಮುಟ್ಟಿ ನೋಡಿದಳು. ಮೆತ್ತಗಿತ್ತು.

"ಏನ ನಿಂಬೆವ್ವ, ಒಂದೆಲಗನ್ನ ಬಾಣಂತಿ ಹಂಗ ಮುಚ್ಚಿಟ್ಟೀಯಲ್ಲ! ಎಣ್ಣಿ ನೀರೂ ಹಾಕ್ತೀಯೇನು?"

"ಸುಡತಾವ್ರೀ ಅತ್ತಿ, ನೋಡಾಕ ಆಗಂಗಿಲ್ಲ."

"ಹಂಗಾರ ನನ್ನ ಮಗನ ತೋಳು ನೋಡು."

ಅಂದಿನಿಂದ ನಿಂಬೆವ್ವ ಪರದೆ ಸರಿಸಿ, ಒಳಗೆ ಬಂದು, ಅರ್ಧ ಗಂಟೆ ಕಣ್ಣು ಮುಚ್ಚಿ ಕೂರತೊಡಗಿದಳು. ವಾರದೊಳಗೆ ಎಲೆಯ ಅಂಚು ಕೆಂಪಾಯಿತು, ರಸ ಕಹಿಯಾಯಿತು. ಅದನ್ನು ಹಚ್ಚಿದ ಒಂಬತ್ತನೆಯ ದಿನಕ್ಕೆ ಹುಣ್ಣು ಒಣಗಿ, ಫಕೀರಪ್ಪ ಆ ಕೈಯಿಂದಲೇ ರೊಟ್ಟಿ ಮುರಿದು ತಿಂದ.

ನಿಂಬೆವ್ವ ಒಂದೊಂದು ಕುಂಡಕ್ಕೂ ಹಣೆ ಹಚ್ಚಿ, "ದೊಡ್ಡ ಉಪಕಾರ ಆತು, ನಮ್ಮವ್ವ" ಎಂದು ತಣ್ಣೀರು ಹನಿಸಿದಳು. ಆ ಅರ್ಧ ಗಂಟೆ ಗಿಡಕ್ಕೆ ನೋಯುತ್ತದೋ ಇಲ್ಲವೋ, ಅದು ಅವಳಿಗೂ ತಿಳಿಯದು, ಈ ಕಥೆ ಹೇಳುವವರಿಗೂ ತಿಳಿಯದು.