ಮುನೀರಾಳ ಮಾರ್ಕಿಗೆ ಎದ್ದ ಕೇರಿ

‘ಗೇಟು ತೆಗೆಯಮ್ಮ’ ಎಂದರು ರಾಮದಾಸರು. ಮುನೀರಾ ತೆಗೆಯಲಿಲ್ಲ.

ಗೇಟಿನೊಳಗೆ, ಕಾಪುವಿನ ಶಾಲೆಯ ಜಗಲಿಯಲ್ಲಿ, ಕಡಲ ಬದಿಯ ಕೇರಿಗೆ ಕೇರಿಯೇ ಬಂದು ಕುಳಿತಿತ್ತು. ಹೊರಗೆ ಉಡುಪಿಯಿಂದ ಬಸ್ಸು ಹಿಡಿದು ಓಡಿಬಂದ ಅವಳ ಕಾಲೇಜಿನ ಮೇಷ್ಟ್ರು ರಾಮದಾಸರು. ಅವರ ಛತ್ರಿ ಗಾಳಿಗೆ ಮಗುಚುತ್ತಿತ್ತು. ಬಿರುಗಾಳಿ ಬಂದರೆ ಕೇರಿ ಖಾಲಿ ಮಾಡಿಸುವುದು ಹೇಗೆ ಎಂಬ ಅವಳ ಪ್ರಾಜೆಕ್ಟನ್ನು ಹೋದ ತಿಂಗಳು ತಿರಸ್ಕರಿಸಿದವರು ಇವರೇ. ಕಾಗದದಲ್ಲಿ ಚೆಂದ ಉಂಟು, ಆದರೆ ಜನ ಮನೆ ಬಿಟ್ಟು ಬರುವುದಿಲ್ಲ ಎಂದು ನಕ್ಕಿದ್ದರು. ಆ ನಗು ಅವಳಿಗೆ ನಾಟಿತ್ತು.

ಅವರು ಹೇಳಿದ್ದು ಸುಳ್ಳಲ್ಲ. ಹಿಂದೆ ಎರಡು ಸಲ ಎಚ್ಚರಿಕೆ ನಂಬಿ ಜನ ಇದೇ ಜಗಲಿಯಲ್ಲಿ ಮಲಗಿದ್ದರು. ಎರಡು ಸಲವೂ ಬಿರುಗಾಳಿ ಬರಲಿಲ್ಲ, ಕಳ್ಳರು ಬಂದರು. ಇನ್ನು ಸರಕಾರವೇ ಬಂದು ಹೊತ್ತರೂ ಏಳುವುದಿಲ್ಲವೆಂದು ಮುನೀರಾಳ ಅಜ್ಜಿ ಕುಂಞಿಪಾತುಮ್ಮ ಆಣೆ ಮಾಡಿದ್ದಳು. ಕಡಲಿಗೆ ಎಲ್ಲರಿಗಿಂತ ಹತ್ತಿರ ಅವಳದೇ ಮನೆ.

ಆದರೆ ಕೇರಿಯಿಂದ ಕಾಲೇಜಿಗೆ ಹೋದ ಮೊದಲ ಹುಡುಗಿ ಫೇಲಾಗುತ್ತಾಳೆ ಎಂದರೆ ಸುಮ್ಮನೆ ಕೂರುವುದುಂಟೇ? ಇದೇ ದಿನ ಬೆಳಿಗ್ಗೆ ಮುನೀರಾ ಹಾಸ್ಟೆಲಿನಿಂದ ಮೊದಲ ಬಸ್ಸಿಗೇ ಬಂದಿಳಿದು ಮನೆಮನೆಯ ಬಾಗಿಲು ಬಡಿದಳು. ಇವತ್ತು ಅಭ್ಯಾಸ, ಎಲ್ಲರೂ ಶಾಲೆಗೆ ಬಂದರೆ ಮಾತ್ರ ನನಗೆ ಪಾಸು ಎಂದಳು. ಮೊದಲು ಎದ್ದವಳು ಅಜ್ಜಿಯೇ.

ಹುಡುಗಿಯ ಹಟ ಮಾತ್ರ ಅತಿಯಾಯಿತು. ಆಡುಗಳನ್ನೂ ತರಿಸಿದಳು. ಒಡವೆ, ರೇಶನ್ ಕಾರ್ಡು ಸೆರಗಿಗೆ ಕಟ್ಟಿಸಿದಳು. ಕೇರಿಗಿದ್ದದ್ದು ಒಂದೇ ರೇಡಿಯೊ, ಅಂಗಡಿ ನಡೆಸುವ ಬಾವ ಎಂಬವನದ್ದು; ಗದ್ದಲವಾಗುತ್ತದೆಂದು ಅದರ ಸೆಲ್ಲು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು. ದೋಣಿಗಳನ್ನು ರಸ್ತೆಯವರೆಗೆ ಎಳೆಸಿದಳು. ಅದಕ್ಕೂ ಮಾರ್ಕು ಉಂಟಂತೆ. ಮೀನುಗಾರ ದೂಮಪ್ಪ ಕಡಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ದೋಣಿಯ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ. ಬಾವನಿಗೆ ವ್ಯಾಪಾರ ಹಾಳಾದ ಸಿಟ್ಟು. ಅಂಚೆ ಕಚೇರಿಗೆ ಹೋಗಿ ಕಾಲೇಜಿಗೆ ಫೋನು ಮಾಡಿ ದೂರು ಹೇಳಿ ಬಂದವನು ಅವನೇ.

ರಾಮದಾಸರು ಗೇಟಿನ ಸರಳುಗಳ ನಡುವಿನಿಂದ ಜನರನ್ನು ನೋಡಿದರು. ಅವರ ದನಿ ಇಳಿಯಿತು. ಸೋಲೊಪ್ಪಿಕೊಳ್ಳಲು ದೊಡ್ಡ ಮನಸ್ಸು ಬೇಕು, ಅದು ಅವರಿಗಿತ್ತು.

‘ನೀನೇ ಗೆದ್ದೆ. ನೂರಕ್ಕೆ ನೂರು ಕೊಡುತ್ತೇನೆ. ಇನ್ನು ಇವರನ್ನು ಮನೆಗೆ ಬಿಡು.’

ಅದನ್ನು ಕೇಳಿದ್ದೇ ಬಾವ ಎದ್ದ, ಅವನ ಹಿಂದೆ ಹತ್ತಾರು ಜನ ಎದ್ದರು. ಮುನೀರಾ ಗೇಟಿಗೆ ಬೆನ್ನು ಕೊಟ್ಟು ನಿಂತಳು. ಕಾಲೇಜಿನಿಂದ ತೆಗೆದುಹಾಕಿದರೂ ಸರಿ, ಒಬ್ಬರನ್ನೂ ಬಿಡುವುದಿಲ್ಲ ಎಂದಳು.

‘ನೂರು ಸಿಕ್ಕಿತಲ್ಲ, ಇನ್ನೆಂತ ಬೇಕು ನಿನಗೆ?’ ಎಂದ ಬಾವ.

ಅವಳು ಚೀಲದಿಂದ ಸೆಲ್ಲು ತೆಗೆದು, ರೇಡಿಯೊವನ್ನು ಕಂಕುಳಲ್ಲೇ ಹಿಡಿದು ಬಂದಿದ್ದ ಅವನ ಕೈಗಿಟ್ಟಳು. ‘ಈಗ ಹಾಕಿ. ಬಾರದಿದ್ದರೆ ನಾಳೆ ಎಲ್ಲರೂ ಸೇರಿ ನನಗೆ ಉಗಿಯಿರಿ.’

ರೇಡಿಯೊ ಕರಕರ ಎಂದು, ಬೆಳಿಗ್ಗೆ ಅವಳು ಹಾಸ್ಟೆಲಿನಲ್ಲಿ ಕೇಳಿದ್ದನ್ನೇ ಮತ್ತೆ ಹೇಳಿತು: ಬಿರುಗಾಳಿ ಇಂದು ಸಂಜೆ ಕಾಪುವಿನ ತೀರಕ್ಕೆ ಅಪ್ಪಳಿಸಲಿದೆ.