ಅತ್ತೆಗೆಂದು ಎತ್ತಿಟ್ಟ ಕಜ್ಜಾಯ

ಇವತ್ತು ಬ್ರೆಡ್ ಡಬ್ಬಿ ತೆರೆದಾಗ ಬಂದ ಮುಗ್ಗಲು ವಾಸನೆಗೆ ನಮ್ಮೂರು ತ್ಯಾಮಗೊಂಡ್ಲಿನಲ್ಲಿ ಕಳೆದ ಬಾಲ್ಯದ ಆ ಮಧ್ಯಾಹ್ನ ಕಣ್ಣೆದುರು ನಿಂತಿತು.

ಬಸುರಿ ಅತ್ತೆ ನೆಲಮಂಗಲದ ಬಸ್ಸಿನಿಂದ ಇಳಿದದ್ದೇ ತಡ, ನಾನು ಕುಣಿಯುತ್ತಾ ಮನೆಗೆ ಓಡಿದೆ. ದೀಪಾವಳಿಗೆ ಬಾರದ ಮಗಳಿಗೆಂದು ಅಜ್ಜಿ ನೋಮಿನ, ಅಂದರೆ ಹಬ್ಬದ ವ್ರತದ, ಕಜ್ಜಾಯವನ್ನು ಮೂರು ವಾರದಿಂದ ಅಟ್ಟದ ಮೇಲಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು. ನಮ್ಮಲ್ಲಿ ಅದನ್ನು ಮನೆಯವರೇ ತಿಂದು ಮುಗಿಸಬೇಕು. ಹೊರಗಿನವರಿಗೆ ಕೊಡುವಂತಿಲ್ಲ, ಎಸೆಯುವಂತಿಲ್ಲ. ಮುಚ್ಚಳ ತೆಗೆದರೆ ಮೇಲೆಲ್ಲ ಮಖಮಲ್ಲಿನಂಥ ಹಸಿರು ಬೂಷ್ಟು!

"ಒರೆಸಿದ್ರೆ ಹೋಗ್ತದೆ ಬಿಡು," ಎಂದು ಅಜ್ಜಿ ಸೆರಗಿನಲ್ಲಿ ಉಜ್ಜಿ ತಟ್ಟೆಗೆ ಹಾಕಿದಳು. ನಾನೇ ಕೊಡಬೇಕೆಂದು ತಟ್ಟೆ ಕಸಿದುಕೊಂಡು ಹಜಾರಕ್ಕೆ ಹಾರಿದೆ. ಅತ್ತೆ ಒಂದನ್ನು ಮುರಿದಳು. ಒಳಗೂ ಹಸಿರು ಎಳೆ.

"ಅಮ್ಮಾ, ಇದನ್ನ ಹಸುಗೆ ಹಾಕ್ಬಿಡ್ಲಾ?"

"ಅಯ್ಯೋ, ಬೇಡ ಕಣೇ! ಗಬ್ಬದ ಹಸು ಅದು, ಹೆಚ್ಚುಕಮ್ಮಿ ಆದ್ರೆ?"

ಹಾಗೆಂದ ಅಜ್ಜಿಯೇ ಅತ್ತೆಯ ಹೊಟ್ಟೆ ನೋಡಿ ಗಕ್ಕನೆ ನಿಂತಳು. ಮರುಗಳಿಗೆಗೆ ತಟ್ಟೆ ಕಿತ್ತುಕೊಂಡಳು.

ಗುಂಡಿ ತೋಡುವುದಕ್ಕೂ ನಾನೇ ಮುಂದೆ ಓಡಿದೆ. ನೋಮಿನ ಕಜ್ಜಾಯ ತೆಂಗಿನ ಬುಡದ ಮಣ್ಣು ಸೇರಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು.