ಅಣ್ಣನ ಬಾಯಿಚಪಲ

ಖಾರವೆಂದರೆ ಮಾರು ದೂರ ಸರಿಯುತ್ತಿದ್ದ ಸರ್ವಮಂಗಳಮ್ಮನಿಗೆ ಅಂದು ಬೆಳಗಿನ ಪೂಜೆಯ ನಡುವೆ ಮೆಣಸಿನಕಾಯಿ ಬಜ್ಜಿ ನೆನಪಾಗಿ ಬಾಯಲ್ಲಿ ನೀರೂರಿತು. ಆಸ್ಪತ್ರೆಯಲ್ಲಿದ್ದ ಅಣ್ಣ ರುದ್ರಪ್ಪ ಹೋದನೆಂದು ಆಕೆಗೆ ಆಗಲೇ ತಿಳಿಯಿತು. ಫೋನು ಬಂದದ್ದು ಆಮೇಲೆ.

ಸತ್ತವರ ಬಾಯಿಚಪಲ ಮನೆಯವರಿಗೆ ಬರುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಒಂದು ತಿಂಗಳು ಪಥ್ಯದಲ್ಲಿದ್ದರೆ ಅದು ತಾನಾಗಿ ಬಿಟ್ಟುಹೋಗುತ್ತದೆ, ಹೋದವರೂ ನೆಮ್ಮದಿಯಿಂದ ಮುಂದೆ ಸಾಗುತ್ತಾರೆ. ನಡುವೆ ಒಂದು ತುತ್ತು ತಿಂದರೂ ಜೀವನಪೂರ್ತಿ ಅಂಟಿಕೊಳ್ಳುತ್ತದೆ. ರುದ್ರಪ್ಪನ ಚಪಲ ಅರ್ಧ ತಂಗಿಗೆ, ಅರ್ಧ ಹೆಂಡತಿ ಶಿವಲೀಲಮ್ಮನಿಗೆ ಬಂದಿತ್ತು. ಅತ್ತಿಗೆ ನಾದಿನಿಯರು ರಾಗಿ ಅಂಬಲಿ, ಬೇಯಿಸಿದ ಸೋರೆಕಾಯಿ ಮುಂದಿಟ್ಟುಕೊಂಡು ಒಬ್ಬರಿಗೊಬ್ಬರು ಕಾವಲಾದರು. ಎಣ್ಣೆ ಡಬ್ಬಿಯನ್ನು ಪಕ್ಕದ ಮನೆಗೆ ಸಾಗಿಸಿದರು. ಬಜ್ಜಿ ಗಾಡಿಯ ಬೀದಿ ತಪ್ಪಿಸಿ ಮಠಕ್ಕೆ ಸುತ್ತುಹಾದಿಯಲ್ಲಿ ಹೋದರು.

ಕೊನೆಯ ದಿನ ಸಂಜೆ ಶಿವಲೀಲಮ್ಮ ಸೆರಗಿನಡಿ ಬಜ್ಜಿ ಪೊಟ್ಟಣದೊಂದಿಗೆ ಸಿಕ್ಕಿಬಿದ್ದರು.

"ಏನ್ರೀ ಅತ್ತಿಗೆ, ಇಷ್ಟು ದಿನ ಸೋರೆಕಾಯಿ ತಿಂದಿದ್ದು ಇದಕ್ಕೇನು?"

"ಒಂದ್ ಬಜ್ಜಿ ತಿಂದ್ರೆ ನಿಮ್ಮಣ್ಣ ನನ್ ಬಾಯಾಗಾದ್ರೂ ಉಳೀತಾರೆ ಮಂಗಳಾ. ನಾಳೆ ಅದೂ ಇಲ್ಲ."

ಸರ್ವಮಂಗಳಮ್ಮನೂ ಕಣ್ಣೊರೆಸಿಕೊಂಡರು. ಬಾಯಲ್ಲಿ ಮಾತ್ರ ನೀರು ನಿಲ್ಲಲಿಲ್ಲ.

"ಉಳೀಲಿ ಅಂತ ನಂಗೂ ಐತಿ. ಆದ್ರೆ ನಿಮ್ ಬಿಪಿಗೆ ಡಾಕ್ಟ್ರು ಜೀವ ಇರೋತನಕ ಸೋರೆಕಾಯಿ ಬರೆದಾರೆ. ಅದನ್ನ ನಮ್ಮಣ್ಣನ ತಲಿಗೂ ಕಟ್ತೀರೇನು?"

ಶಿವಲೀಲಮ್ಮ ಅಳುತ್ತಲೇ ನಕ್ಕರು. ಪೊಟ್ಟಣವನ್ನು ಪಕ್ಕದ ಮನೆಗೆ ಕೊಟ್ಟು ಬಂದು, ನಾದಿನಿಯ ಜೊತೆ ದೇವರ ಮುಂದೆ ಕೈಮುಗಿದರು.

"ಶಿವನೇ, ಅವರ ಆತ್ಮಕ್ಕೆ ಶಾಂತಿ ಕೊಡು. ನಿನ್ನ ಹತ್ತಿರ ಬಂದ ಮೇಲಾದರೂ ಅವರಿಗೆ ಪಥ್ಯ ಹೇಳಬೇಡ."